ಹದಿನಾರರಲ್ಲಿ ಒಂದು ಸಲ

ಭಾನುವಾರ, ಮಧ್ಯಾಹ್ನ
ತಾರೀಖು ಒಂಬತ್ತು

ನನ್ನ ಲೆಕ್ಕಣ್ಣನಿಗೆ,

ಅಕ್ಕನ ಆಶೀರ್ವಾದಗಳು. ಉತ್ತರ ಬರೆಯಲು ಇಷ್ಟು ದಿನ ಮಾಡಿದಳೆಂದು ಮುನಿಸಿಕೊಳ್ಳಬೇಡ. ಬೈಯುವುದಿದ್ದರೆ ನೀನು ಬರೆದು ಕಳಿಸಿದ ದ್ವಿಪದ ವಿತರಣೆಯ ಲೆಕ್ಕವನ್ನೇ ಬೈ. ಅದನ್ನು ಕಲಿಯುವುದು, ಕಲಿತದ್ದನ್ನು ಕ್ಲಿನಿಕ್ಕಿನಲ್ಲಿ ನಡೆಸುವುದು, ನಡೆಸಿದ್ದಕ್ಕೆ ಡಾಕ್ಟರ ಕೈಲಿ ಬೈಸಿಕೊಳ್ಳುವುದು, ಇಷ್ಟರಲ್ಲೇ ದಿನ ಕಳೆಯಿತು. ನಿನ್ನ ಹೆಂಡತಿ ಹೇಗಿದ್ದಾಳೆ? ಮಕ್ಕಳು ರಾತ್ರಿ ಹಲ್ಲುಜ್ಜಿಕೊಂಡು ಮಲಗುತ್ತವೆ ತಾನೆ? ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಸೋದರತ್ತೆ ಇದ್ದೂ ಅವಕ್ಕೆ ಹಲ್ಲು ಹುಳುಕಾದರೆ ನನ್ನ ಮರ್ಯಾದೆ ಏನಾಗಬೇಕು?

ನಿನಗೆ ಮೊದಲು ಬರೆದಾಗ ನನ್ನ ಕೆಲಸ ಕುತ್ತಿಗೆಗೆ ಬಂದಿತ್ತು. ನಮ್ಮ ಡಾಕ್ಟರು ಬೆಳಗಿನ ಹೊತ್ತು ಮೂವರನ್ನು ನೋಡಬಲ್ಲರು. ನಾನು ಮೂವರ ಹೆಸರು ಬರೆದುಕೊಳ್ಳುತ್ತಿದ್ದೆ. ಆದರೆ ಹೆಸರು ಬರೆಸಿದವರಲ್ಲಿ ಅರ್ಧಕ್ಕರ್ಧ ಜನ ಬರುವುದೇ ಇಲ್ಲ. ನಿನ್ನೆ ದವಡೆ ಹಿಡಿದುಕೊಂಡು ಫೋನಿನಲ್ಲಿ ಅತ್ತವರೇ ಇವತ್ತು "ಈಗ ಪರವಾಗಿಲ್ಲ ಮೇಡಂ" ಅನ್ನುತ್ತಾರೆ. ಕೊರೆಯುವ ಯಂತ್ರದ ಸದ್ದು ನೆನಪಾದರೆ ಸಾಕು, ನೋವು ತಾನಾಗಿ ಓಡಿಹೋಗುತ್ತದೆ. ಜನ ಬಂದಾಗ ಡಾಕ್ಟರಿಗೆ ಪುರುಸೊತ್ತಿಲ್ಲ, ಪುರುಸೊತ್ತಿದ್ದಾಗ ಜನವಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುವ ಗಾದೆ ನಮ್ಮ ಕ್ಲಿನಿಕ್ಕಿಗೆಂದೇ ಹುಟ್ಟಿದ್ದಿರಬೇಕು. ಕೊನೆಗೊಂದು ದಿನ ಡಾಕ್ಟರು, "ಖಾಲಿ ಕುರ್ಚಿಗೆ ಹಲ್ಲು ಕಟ್ಟಕ್ಕಾಗಲ್ಲಮ್ಮಾ. ಇನ್ನೆರಡು ತಿಂಗಳು ನೋಡ್ತೀನಿ. ಆಮೇಲೆ ಫೋನಲ್ಲೇ ಸರದಿ ಕೊಡೋ ಯಂತ್ರ ಬಂದಿದೆಯಂತೆ, ಅದನ್ನ ಹಾಕಿಸ್ತೀನಿ" ಎಂದುಬಿಟ್ಟರು. ಈ ವಯಸ್ಸಿನಲ್ಲಿ ನನಗೆ ಇನ್ಯಾರು ಕೆಲಸ ಕೊಡುತ್ತಾರೆ ಹೇಳು? ಗಣಿತದ ಮೇಷ್ಟ್ರು ತಮ್ಮ ಇರುವುದು ಯಾತಕ್ಕೆ ಎಂದು ನಿನಗೆ ಬರೆದೆ.

ನಿನ್ನ ಉತ್ತರ ನೋಡಿ ಮೊದಲು ನಗು ಬಂತು. ದ್ವಿಪದ ಎಂದರೆ ಎರಡು ಕಾಲಿನದು ತಾನೆ? ಇವನೇನು ಕೋಳಿ ಸಾಕಣೆಯ ಪುಸ್ತಕ ಕಳಿಸಿದನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಒಂದು ಕಾಲು ಬರುವುದು, ಇನ್ನೊಂದು ಕಾಲು ಬಾರದಿರುವುದು. ಮೂರನೆಯ ಕಾಲಿಲ್ಲ. "ನಾನು ಬಂದಿದ್ದೆ, ನೀವೇ ನೋಡಲಿಲ್ಲ" ಅನ್ನುವವರಿದ್ದಾರೆ, ಅವರನ್ನು ಬಾರದವರ ಲೆಕ್ಕಕ್ಕೇ ಸೇರಿಸಿದೆ.

ಹೇಳಿಕೊಟ್ಟಂತೆ ನಾಲ್ಕು ಹೆಸರು ಬರೆದುಕೊಂಡರೆ ಏನಾಗುತ್ತದೆಂದು ಮಾಡಿ ನೋಡಿದೆ. ಕಾಗದದ ಮೇಲೆ ತಲೆಗೆ ಹತ್ತಲಿಲ್ಲ. ಡಾಕ್ಟರ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳಿದ್ದವಲ್ಲ, ನಾಲ್ಕನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಬಾಯಿ ತೆರೆದದ್ದು ಬಂದವರು, ಮುಚ್ಚಿದ್ದು ಬಾರದವರು. ಒಬ್ಬೊಬ್ಬರಿಗೆ ಎರಡೆರಡು ದಾರಿ, ನಾಲ್ವರಿಗೆ ಒಟ್ಟು ಹದಿನಾರು. ಎಲ್ಲ ಬಾಯಿಯೂ ಮುಚ್ಚಿರುವುದು ಒಂದೇ ರೀತಿ. ಒಂದೇ ಬಾಯಿ ತೆರೆದಿರುವುದು ನಾಲ್ಕು ರೀತಿ. ಎರಡು ತೆರೆದದ್ದನ್ನು ಎಣಿಸುವಾಗ ಮಾತ್ರ ಐದಕ್ಕೇ ನಿಂತೆ. ಇನ್ನೊಂದು ಇದೆ ಎಂದು ನೀನು ಬರೆದಿದ್ದೆ, ಅದು ಸಿಗುವುದೇ ಇಲ್ಲ. ಮೇಜಿನ ಮೇಲೆ ಬಗ್ಗಿ ದವಡೆಗಳ ಬಾಯಿ ತೆರೆದು ಮುಚ್ಚಿ ಮಾಡುತ್ತಿರುವಾಗ ಡಾಕ್ಟರು ಹಿಂದೆ ಬಂದು ನಿಂತರು.

"ಏನಮ್ಮಾ, ಅವಕ್ಕೆ ಊಟ ಮಾಡಿಸ್ತಿದೀರಾ?"

"ಇಬ್ಬರು ಬರೋದು ಎಷ್ಟು ರೀತಿ ಅಂತ ನೋಡ್ತಿದೀನಿ ಡಾಕ್ಟ್ರೇ."

ಪಾಪ, ಅವರೂ ಪಕ್ಕದಲ್ಲಿ ಕೂತರು. ಮಧ್ಯದ ಎರಡು ಬಾಯಿ ತೆರೆದು, ಅಂಚಿನ ಎರಡನ್ನು ಮುಚ್ಚಿ, "ತಗೊಳ್ಳಿ, ಆರು" ಎಂದರು. ಮೂವರು ಬರುವುದು ನಾಲ್ಕು, ನಾಲ್ವರೂ ಬರುವುದು ಒಂದು. ಅರ್ಧಕ್ಕರ್ಧ ಆದ್ದರಿಂದ ಹದಿನಾರಕ್ಕೂ ಒಂದೇ ತೂಕ. ಹತ್ತರಲ್ಲಿ ಏಳು ಜನ ಬರುವ ಹಾಗಿದ್ದರೆ ಬಂದವನಿಗೊಂದು ಏಳು, ಬಾರದವನಿಗೊಂದು ಮೂರು ಎಂದು ಗುಣಿಸುತ್ತ ಹೋಗಬೇಕು ಎಂದು ನೀನು ಬರೆದದ್ದನ್ನು ಓದಿ, ನಮ್ಮವರ ಅಂಜುಬುರುಕುತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಡಾಕ್ಟರಿಗೆ ವಿವರಿಸಿದೆ: ಮೂರೇ ಹೆಸರು ಬರೆದರೆ ಎಂಟರಲ್ಲಿ ಒಂದು ದಿನ ಯಾರೂ ಬರುವುದಿಲ್ಲ. ನಾಲ್ಕು ಬರೆದರೆ ಹದಿನಾರರಲ್ಲಿ ಒಂದು ದಿನ. ನಾಲ್ವರೂ ಒಟ್ಟಿಗೆ ಬಂದು ಗಲಾಟೆಯಾಗುವುದೂ ಹದಿನಾರರಲ್ಲಿ ಒಂದೇ ದಿನ. "ಆ ಒಂದು ದಿನ ನಾನು ನೋಡ್ಕೋತೀನಿ" ಎಂದು ಜಂಬದಿಂದ ಹೇಳಿದೆ. ನಿನ್ನ ಕಾಗದದ ಕೊನೆಯಲ್ಲಿ, ಒಬ್ಬರು ಬರುವುದಕ್ಕೂ ಇನ್ನೊಬ್ಬರು ಬರುವುದಕ್ಕೂ ಸಂಬಂಧ ಇರಬಾರದು ಅಕ್ಕಾ, ಇದ್ದರೆ ಈ ಲೆಕ್ಕ ನಡೆಯುವುದಿಲ್ಲ ಎಂದು ಗೆರೆ ಎಳೆದು ಬರೆದಿದ್ದೆ. ಮೇಷ್ಟ್ರುಗಳಿಗೆ ಗೆರೆ ಎಳೆಯುವ ಚಟ ಎಂದು ಆ ಸಾಲನ್ನು ಹಾರಿಸಿದೆ.

ಲೆಕ್ಕ ಚೆನ್ನಾಗಿಯೇ ನಡೆಯಿತು. ಒಂದು ದಿನ ಇಬ್ಬರು, ಇನ್ನೊಂದು ದಿನ ಮೂವರು. ಡಾಕ್ಟರು ಕೆಲಸ ಮಾಡುತ್ತ ಶಿಳ್ಳೆ ಹಾಕತೊಡಗಿದರು. ಬಾಯಿ ತೆರೆದು ಮಲಗಿದವರಿಗೆ ಅದು ಕೇಳುವುದಕ್ಕೆ ಇಷ್ಟವಿತ್ತೋ ಇಲ್ಲವೋ, ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಹೀಗಿರುವಾಗ ಹಿಂದಿನ ಬೀದಿಯ ಬಡಗಿ ಫೋನು ಮಾಡಿದ. ತನಗೊಂದು, ಹೆಂಡತಿಗೊಂದು, ಅತ್ತೆಗೊಂದು, ಭಾಮೈದನಿಗೊಂದು ಸರದಿ ಬೇಕಂತೆ. ಒಂದೇ ಫೋನಿಗೆ ನಾಲ್ಕು ಹೆಸರು! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ನಾನು ಹಿಂದೆಮುಂದೆ ನೋಡದೆ ನಾಲ್ಕನ್ನೂ ಒಂದೇ ಬೆಳಿಗ್ಗೆಗೆ ಬರೆದುಕೊಂಡೆ. ಇಬ್ಬರು ಬಂದಾರು ಎಂದು ನನ್ನ ಅಂದಾಜು.

ನಾಲ್ವರೂ ಬಂದರು. ಅತ್ತೆಯ ಕೈ ಹಿಡಿದುಕೊಳ್ಳಲು ಇನ್ನಿಬ್ಬರು ಬಂದರು. "ನೀವು ಹಿರಿಯರು, ಮೊದ್ಲು ನೀವು ಹೋಗಿ" ಎಂದು ಅಳಿಯ, "ಅಯ್ಯೋ, ನೀವು ದುಡಿಯೋರು, ನೀವೇ ಹೋಗಿ" ಎಂದು ಅತ್ತೆ. ಈ ಉಪಚಾರ ಮುಗಿಯುವಷ್ಟರಲ್ಲಿ ಒಂದು ಹಲ್ಲು ಕೀಳಬಹುದಿತ್ತು. ಮಧ್ಯಾಹ್ನದ ಊಟ ತಪ್ಪಿದ ಡಾಕ್ಟರು ನನ್ನ ಕಡೆ ತಿರುಗಿ, "ಇದು ಹದಿನಾರನೇ ದಿನ ಅಲ್ವಾ?" ಎಂದರು. ಹೌದೆಂದು ತಲೆಯಾಡಿಸಿದೆ. ಆ ಒಂದು ಕೆಟ್ಟ ದಿನ ಕಳೆಯಿತು, ಇನ್ನು ನಿಶ್ಚಿಂತೆ ಎಂದು ಅದೇ ನಾಲ್ವರಿಗೆ ಮುಂದಿನ ವಾರವೂ ಒಂದೇ ಬೆಳಿಗ್ಗೆ ಸರದಿ ಕೊಟ್ಟೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ!

ಮುಂದಿನ ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಡಾಕ್ಟರು ಕೈಗವಸು ಹಾಕಿಕೊಂಡು ಕುರ್ಚಿಯ ಸುತ್ತ ಓಡಾಡುತ್ತಿದ್ದಾರೆ. ಫೋನು ಮಾಡಿದರೆ ಬಡಗಿ, "ನಮ್ಮತ್ತೆಗೆ ಇವತ್ತು ನೋವಿಲ್ಲ ಮೇಡಂ" ಎಂದ.

"ನಿಮಗೆ?"

"ಅವರೇ ಬರಲ್ಲ ಅಂದ್ಮೇಲೆ ನಾವೆಲ್ಲಾ ಯಾಕೆ ಅಂತ..."

ಅತ್ತೆಗೆ ನೋವು ನಿಂತರೆ ಮನೆಗೆಲ್ಲ ನಿಂತ ಹಾಗೆ! ಆಗ ಹೊಳೆಯಿತು ನೋಡು. ಅವು ಬೇರೆಬೇರೆಯಾಗಿ ಚಿಮ್ಮಿದ ನಾಲ್ಕು ನಾಣ್ಯಗಳಲ್ಲ ಕಣೋ, ಒಂದೇ ನಾಣ್ಯ. ಬಿದ್ದರೆ ನಾಲ್ಕೂ ಒಂದೇ ಮಗ್ಗುಲಿಗೆ ಬೀಳುತ್ತವೆ. ನೀನು ಗೆರೆ ಎಳೆದ ಸಾಲನ್ನು ಹುಡುಕಿ ಓದಿ ತಲೆ ಚಚ್ಚಿಕೊಂಡೆ. ಇನ್ನು ಒಂದು ಮನೆಯಿಂದ ದಿನಕ್ಕೆ ಒಂದೇ ಹೆಸರು ಎಂದು ಡಾಕ್ಟರ ಮುಂದೆ ಒಪ್ಪಿಸಿದೆ. ನನ್ನ ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಕೈಗವಸು ಬಿಚ್ಚುತ್ತ, "ಯಂತ್ರ ಬೇಡ ಬಿಡಿ. ಅದಕ್ಕೆ ಯಾರು ಯಾರ ಅತ್ತೆ ಅಂತ ಗೊತ್ತಾಗಲ್ಲ" ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಾನು ಅತ್ತದ್ದನ್ನು ಯಾರಿಗೂ ಹೇಳಬೇಡ.

ಅಂತೂ ಅಕ್ಕನ ಅನ್ನ ಉಳಿಯಿತು, ಅದರ ಪುಣ್ಯ ನಿನ್ನದು. ನಿನ್ನ ಮಕ್ಕಳಿಗೆ ನಿನ್ನ ಬುದ್ಧಿ ಬರಲಿ, ಹಲ್ಲು ಮಾತ್ರ ಅವರಮ್ಮನದು ಬರಲಿ. ಎಲ್ಲರೂ ನಗುನಗುತ್ತ ನೂರು ವರ್ಷ ಬಾಳಿ.

ನಿನ್ನ
ಅಕ್ಕ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಹೋದ ತಿಂಗಳು, ಬಡಗಿಯ ಮನೆಯವರು ಬರುವ ಮುಂಚೆ, ನನ್ನ ಬಲಗಣ್ಣಿನ ಪೊರೆ ತೆಗೆಸುವ ದಿನ ಬನ್ನಿ ಎಂದು ನಿನಗೆ, ದೊಡ್ಡ ತಮ್ಮನಿಗೆ, ತಂಗಿಗೆ, ನಿಮ್ಮ ಮೂವರಿಗೂ ಬರೆದಿದ್ದೆನಲ್ಲ, ಆಗ ಇದೇ ಲೆಕ್ಕ ಹಾಕಿದ್ದೆ. ಒಬ್ಬೊಬ್ಬರದೂ ಅರ್ಧಕ್ಕರ್ಧ. ಮೂವರೂ ಬಾರದಿರುವುದು ಎಂಟರಲ್ಲಿ ಒಂದು. ಒಬ್ಬರಾದರೂ ಬಂದೇ ಬರುತ್ತಾರೆ, ಎಂಟರಲ್ಲಿ ಏಳು ಪಾಲು ಎಂದು ಮೂರು ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಆಸ್ಪತ್ರೆಯಲ್ಲಿ "ಜೊತೆಗೆ ಯಾರಿದ್ದಾರೆ?" ಎಂದು ಕೇಳಿದಾಗ ನಮ್ಮ ಡಾಕ್ಟರು ಕ್ಲಿನಿಕ್ಕು ಮುಚ್ಚಿ ಬಂದು ಕೈ ಎತ್ತಿದರು. ಆಮೇಲೆ ತಂಗಿ ಹೇಳಿದಳು: ದೊಡ್ಡವನು ಆಗಲ್ಲ ಅಂದನಂತೆ. ಅವನೇ ಹೋಗಲ್ಲ ಅಂದ್ಮೇಲೆ ನಾನ್ಯಾಕೆ ಎಂದು ಅವಳು. ಅವರಿಬ್ಬರನ್ನೂ ಕೇಳಿ ನೀನೂ ಬರಲಿಲ್ಲ. ತುಂಬ ನೋವಾಯಿತು ಕಣೋ. ಎಡಗಣ್ಣು ಬರುವ ಇಪ್ಪತ್ತೆಂಟಕ್ಕೆ. ಈ ಸಲ ನಿನಗೊಬ್ಬನಿಗೇ ಬರೆದಿದ್ದೇನೆ. ಅವರನ್ನು ಕೇಳದೆ ಬಾ.