ಮಹಡಿ ಮನೆ, ಮಗ್ಗದ ಗುಂಡಿ

ಚಳ್ಳಕೆರೆ
೧೨ ಜನವರಿ ೨೦೨೫, ಭಾನುವಾರ

ನನ್ನ ಅವ್ವನಿಗೆ,

ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಫೋನಿದ್ದೂ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಮಗ್ಗದ ಮೇಲಿಂದಲೇ ಉತ್ತರ ಕೊಡುತ್ತಾನೆ, ಮಾತು ಜಗಳವಾಗುತ್ತದೆ. ಅದಕ್ಕೇ ಇದನ್ನು ನಾಳೆ ಮೊಳಕಾಲ್ಮೂರಿಗೆ ಬರುವ ರಂಗಕ್ಕನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಮೊದಲು ನೀನೊಬ್ಬಳೇ ಓದು.

ಇಲ್ಲಿ ಬಂದು ಮಹಡಿ ಮನೆ ನೋಡಿ ಹೋದ ಮೇಲೆ ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳಿಗೆ ಬ್ಯಾಂಕಿನ ವಿಷಯ ಏನು ಗೊತ್ತು ಅನ್ನಬೇಡ. ಬೆಂಚಿನ ಮೇಲೆ ಕೂರಲಾಗದವಳು ಮನೆ, ಸೈಟು ತೋರಿಸುತ್ತಾ ಸ್ಕೂಟಿಯಲ್ಲಿ ಊರೆಲ್ಲ ಸುತ್ತಿ ಕಲಿತಿದ್ದೇನೆ.

ಬ್ಯಾಂಕು ಪೂರ್ತಿ ಬೆಲೆ ಕೊಡುವುದಿಲ್ಲ. ಐದರಲ್ಲಿ ಒಂದು ಪಾಲಾದರೂ ನಮ್ಮ ಕೈಯಿಂದ ಹಾಕಬೇಕು. ನೋಂದಣಿ ಖರ್ಚು ಅದರ ಮೇಲೆ. ಬಡ್ಡಿ ಏರಿದರೆ ಕಂತೂ ಏರುತ್ತದಾ ಅಂತ ನೀನು ಕೇಳಿದ್ದೆ. ಸಾಮಾನ್ಯವಾಗಿ ಕಂತು ಹಾಗೇ ಇಟ್ಟು ವರ್ಷ ಉದ್ದ ಮಾಡುತ್ತಾರೆ. ಏರಿದ್ದು ನಮಗೆ ಗೊತ್ತೇ ಆಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಕಂತು ಕಷ್ಟವಾದರೆ ಮನೆ ಬಾಡಿಗೆಗೆ ಕೊಡಿ, ತಾನಾಗಿ ತೀರುತ್ತದೆ ಅಂತ ಹನುಮಂತರಾಜು ಅವರು ಹೇಳಿದ್ದನ್ನು ನಂಬಬೇಡ. ನನಗೆ ಕೆಲಸ ಕೊಟ್ಟ ಬ್ರೋಕರ್ ಆಫೀಸಿನ ಮಾಲೀಕರೇ ಅವರು, ಆದರೂ ನಂಬಬೇಡ. ಆ ರಸ್ತೆಯ ಬಾಡಿಗೆ ಅರ್ಧ ಕಂತಿಗೂ ಸಾಲದು. ಇನ್ನೊಂದು, ನೀವು ಆ ಮನೆ ತಗೊಂಡರೆ ನನಗೆ ಕಮಿಷನ್ ಬರುತ್ತದೆ. ಅದೂ ನಿನಗೆ ಗೊತ್ತಿರಲಿ.

ಈಗ ನೀನು ಕೇಳದೇ ಬಿಟ್ಟ ಪ್ರಶ್ನೆ.

ಅಪ್ಪ ಆ ದಿನ ಕಿಟಕಿಯಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದ. "ಮಗ್ಗಂ ಸರಿಪೋತುಂದಿ, ಸರಿಯಾಗಿ ಹಿಡಿಸ್ತೈತೆ, ಬೆಳಕೂ ಚೆನ್ನಾಗೈತೆ" ಅಂದವನೇ ಮನೆ ಹಿಡಿದಿಡಲು ಟೋಕನ್ ದುಡ್ಡು ಕೊಟ್ಟುಬಿಟ್ಟ. ಉದ್ದ ಸರಿ, ಅಗಲ ಸರಿ. ಕಾಲು? ನಮ್ಮ ಮಗ್ಗ ನೆಲಕ್ಕೆ ಕೂತಿರುವುದು. ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಅಪ್ಪ ಹುಟ್ಟಿ ಬೆಳೆದ ಮನೆ, ಆಮೇಲೆ ಬಾಡಿಗೆಗೆ ಇದ್ದ ಮನೆ, ಎಲ್ಲದರಲ್ಲೂ ಗುಂಡಿ ಮೊದಲೇ ಇತ್ತು. ನೆಲ ಅಂದಮೇಲೆ ಗುಂಡಿ ಇದ್ದೇ ಇರುತ್ತದೆ ಅಂತ ಅವನ ಲೆಕ್ಕ. ಮಹಡಿಯಲ್ಲಿ ತೋಡಿದರೆ ಕೆಳಗಿನ ಮನೆಯ ಉಚ್ಚಂಗೆಮ್ಮನ ಅಡುಗೆಮನೆಯಲ್ಲಿ ಅಪ್ಪನ ಎರಡೂ ಕಾಲು ನೇತಾಡುತ್ತವೆ.

ನನಗೂ ನಗು ಬಂತು, ಆಮೇಲೆ ನಿಂತುಹೋಯಿತು. ಬ್ಯಾಂಕಿನವರು ಸಾಲ ಕೊಡುವುದು ಅಪ್ಪನ ನೇಯ್ಗೆಯ ದುಡಿಮೆ ನೋಡಿ. ಆ ಮನೆಗೆ ಹೋದ ದಿನವೇ ಆ ದುಡಿಮೆ ನಿಲ್ಲುತ್ತದೆ. ಶುಕ್ರವಾರ ಕರಾರಿಗೆ ಸಹಿ ಬಿದ್ದರೆ ನೀವು ಕೂಡಿಟ್ಟದ್ದೆಲ್ಲ ಅಡ್ವಾನ್ಸ್ ಆಗಿ ಹೋಗುತ್ತದೆ. ಆಮೇಲೆ ಹಿಂದೆ ಸರಿದರೆ ವಾಪಸ್ ಬರುವುದಿಲ್ಲ.

ನಮ್ಮ ಆಫೀಸಿನ ಮಾಲೀಕರಿಗೆ ನೇರವಾಗಿ ಹೇಳಿದೆ. "ನಿಮ್ಮಪ್ಪಂಗೇ ಇಲ್ದಿರೋ ಚಿಂತೆ ನಿಂಗ್ಯಾಕವ್ವ? ನೆಲದ ಮೇಲೆ ನಿಲ್ಸೋ ಮಗ್ಗ ಬಂದೈತೆ, ತಗಳ್ಲಿ ಬಿಡು" ಅಂದರು. "ಅದಕ್ಕೂ ನೀವೇ ಸಾಲ ಕೊಡಿಸ್ತೀರಾ ಸಾರ್? ನಮ್ಮಪ್ಪನ ಕಾಲಿಗೆ ಈ ವಯಸ್ನಾಗೆ ಹೊಸ ತುಳಿತ ನೀವು ಕಲಿಸ್ತೀರಾ?" ಅಂದೆ. "ಇಂಥ ಬಾಯಿ ಇಟ್ಕಂಡು ನೀನು ಮನೆ ಮಾರಿದಂಗೇ!" ಅಂತ ರೇಗಿದರು. ಆದರೂ ಶುಕ್ರವಾರದೊಳಗೆ ಕೇಳಿದರೆ ಟೋಕನ್ ವಾಪಸ್ ಕೊಡಲು ಒಪ್ಪಿದ್ದಾರೆ. ಬಾಯಿಮಾತಲ್ಲ, ಬರೆಸಿಕೊಂಡಿದ್ದೇನೆ.

ಅಲ್ಲಿ ನಮ್ಮ ಬೀದಿಯಲ್ಲೇ ಚಿಕ್ಕೀರಪ್ಪನವರ ಹಳೇ ಮನೆ ಮಾರಾಟಕ್ಕಿದೆ. ಟೈಲ್ಸ್ ಇಲ್ಲ, ಒಂದು ಗೋಡೆ ಉಬ್ಬಿದೆ. ಆದರೆ ಕೆಳಗೆ ಮಣ್ಣಿದೆ, ಎಷ್ಟು ಬೇಕಾದರೂ ತೋಡಬಹುದು. ಆಸ್ತಿಯ ಇ-ಖಾತೆ ಆಗಿಲ್ಲದ ಕಾರಣ ಬ್ಯಾಂಕು ಈಗ ಸಾಲ ಕೊಡುವುದಿಲ್ಲ. ಮೊದಲು ಖಾತೆ, ಆಮೇಲೆ ದುಡ್ಡು ಅಂತ ಚಿಕ್ಕೀರಪ್ಪನವರಿಗೆ ಹೇಳಿದ್ದೇನೆ. ತಡವಾದರೆ ಆಗಲಿ, ನಾನು ಮಾಡಿಸುತ್ತೇನೆ. ಕಚೇರಿ ಅಲೆಯುವುದು ನನಗೆ ಬೇಜಾರಿಲ್ಲ, ಕೂರುವುದೇ ಬೇಜಾರು.

ಅಪ್ಪನಿಗೆ ಊಟವಾದ ಮೇಲೆ ಹೇಳು, ಮುಂಚೆ ಬೇಡ.

ನಿಂತಲ್ಲಿ ನಿಲ್ಲದ ನಿನ್ನ ಮಗಳು,
ಸ್ವಪ್ನ

ತಾ.ಕ.: ಕವರ್ ಅಂಟಿಸುವಾಗ ಕೈ ನಿಂತುಹೋಯಿತು. ಅಪ್ಪನದು ಮರೆವು. ನಿನ್ನದು? ಆ ಗುಂಡಿಯ ಪಕ್ಕದಲ್ಲೇ ಕೂತು ಇಷ್ಟು ವರ್ಷ ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು ನೀನು. ನಾನು ಅದರೊಳಗೆ ಬೀಳದಂತೆ ನನ್ನ ಸೊಂಟಕ್ಕೆ ಸೀರೆ ಕಟ್ಟಿ ಕಂಬಕ್ಕೆ ಬಿಗಿದವಳೂ ನೀನೇ. ಮೆಟ್ಟಿಲು ಹತ್ತುವಾಗಲೇ ನಿನಗೆ ಗೊತ್ತಾಗಿತ್ತು, ಅಲ್ಲವಾ? ಅಪ್ಪ ಅಳೆಯುತ್ತಿದ್ದಾಗ ನೀನು ಕಿಟಕಿಯಾಚೆ ನೋಡುತ್ತಾ ಸುಮ್ಮನೆ ನಗುತ್ತಿದ್ದೆ. ಮಗ್ಗ ಸಾಕಾಗಿದ್ದರೆ ಸಾಕು ಅನ್ನು ಅವ್ವ, ತಪ್ಪೇನಿಲ್ಲ. ನಿನಗೆ ಆ ಮನೆಯೇ ಬೇಕಿದ್ದರೆ ನನ್ನ ಸಂಬಳ ತೋರಿಸಿ ಸಾಲಕ್ಕೆ ನಾನೂ ಸಹಿ ಹಾಕುತ್ತೇನೆ, ಕಮಿಷನ್ ಮುಟ್ಟುವುದಿಲ್ಲ. ಆದರೆ ಅಪ್ಪ ಮಗ್ಗ ಬಿಚ್ಚಿ ಲಗೇಜ್ ಆಟೋಗೆ ಹೇರುವ ಮೊದಲು, ಅಲ್ಲಿ ಅದಕ್ಕೆ ಜಾಗವಿಲ್ಲ ಅಂತ ಅವನಿಗೆ ನೀನೇ ಹೇಳಬೇಕು. ಅದನ್ನು ನಾನು ಹೇಳುವುದಿಲ್ಲ.