ತೂಗುವ ಮುನ್ನ ತುಪ್ಪ

೧೪ ಆಗಸ್ಟ್ ೨೦೦೫, ಭಾನುವಾರ, ಪೆರಂಬೂರು

ಡಾಕ್ಟರು ನಕ್ಕ ಈ ಕಥೆ ಹೇಳಿದವಳು ಮಗಳು ಬಿಂದು, ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಲೇ. ಚಿಕ್ಕವಳಿದ್ದಾಗ ಅವಳಿಗೆ ರಕ್ತದ ಕ್ಯಾನ್ಸರ್. ತೂಕ ಇಳಿದರೆ ನಮ್ಮ ಜೀವವೂ ಇಳಿಯುತ್ತಿತ್ತು. ತೂಗುವ ಮುನ್ನ ಹೊಟ್ಟೆತುಂಬ ಉಣಿಸಿ ಕರೆದೊಯ್ಯುತ್ತಿದ್ದೆವು. ಈಗ ಇಪ್ಪತ್ತನಾಲ್ಕರ ಹುಡುಗಿಯ ಹೊಟ್ಟೆ ದಪ್ಪಗಾಗುತ್ತಿರುವುದನ್ನು ಕಂಡು, ರೋಗ ಮರಳಿತೇ ಎಂದು ವಾರದಿಂದ ನಿದ್ದೆಗೆಟ್ಟಿದ್ದೆ. ನನ್ನಾಕೆ ನಿನ್ನೆಯೂ ಹಳೆಯ ರೂಢಿಯಂತೆ ತುಪ್ಪ ಸುರಿದ ಹೋಳಿಗೆ ತಿನ್ನಿಸಿಯೇ ಕಳಿಸಿದ್ದಳು.

ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಯಂತ್ರದಲ್ಲಿ ಅಳೆದ ಡಾಕ್ಟರು ನಕ್ಕರಂತೆ. ರೋಗ ಬಂದಿಲ್ಲ, ಇದು ಬರೀ ಕೊಬ್ಬು. ಅಂದಿನ ಚಿಕಿತ್ಸೆಯಿಂದಲೂ ಹೀಗಾಗುವುದುಂಟು. ನಡೆಯಬೇಕು, ಭಾರ ಎತ್ತಬೇಕು.

"ಅವ್ವಾ, ಇನ್ಮೇಲೆ ತುಪ್ಪ ನೀನೇ ತಿನ್ನು!"

"ತಿಂತೀನಿ ಬಿಡೇ, ನನ್ನನ್ಯಾರು ತೂಗ್ತಾರೆ?" ಎಂದಳು ಇವಳು, ಕಣ್ಣೊರೆಸಿಕೊಳ್ಳುತ್ತ.

ಇವತ್ತು ಬೆಳಗ್ಗೆ ತಾಯಿ ಮಗಳು ತರಕಾರಿಗೆ ನಡೆದೇ ಹೋದರು. ಚೀಲ ಹೊತ್ತವಳು ಬಿಂದು. ನಾನು ಒಂಬತ್ತಾದರೂ ಏಳಲಿಲ್ಲ.