ಕಂತಿಗೆ ರಜೆ

9 ಸೆಪ್ಟೆಂಬರ್, ಬೆಳಗ್ಗೆ 7
ಅಂಗಡಿ ತೆಗೆದು, ತಕ್ಕಡಿ ಒರೆಸಿ, ಊದುಬತ್ತಿ ಹಚ್ಚಿ ಆಯ್ತು. ಹೊಸ ಮೆಕ್ಕೆಜೋಳ ಬರಲು ಇನ್ನೂ ತಿಂಗಳಿದೆ. ಬಿಡುವು. ಮಗಳ ಲೆಕ್ಕ ಕೂಡಿಸಿದೆ.
ಫಿಸಿಯೋಥೆರಪಿ. ನಾಲ್ಕು ವರ್ಷ, ದಾವಣಗೆರೆ. ಫೀ 5,60,000. ಹಾಸ್ಟೆಲ್ಲು, ಊಟ 2,80,000. ಪುಸ್ತಕ, ಬಿಳಿ ಕೋಟು, ಬಸ್ಸು 60,000. ಒಟ್ಟು ಒಂಬತ್ತು ಲಕ್ಷ. ಓದು ಮುಗಿಸಿ ಕೆಲಸಕ್ಕೆ ಸೇರಿದರೆ ಸಂಬಳ — ವಿಚಾರಿಸಿದೆ — ಹದಿನೈದು ಸಾವಿರ. ನಮ್ಮ ಹಮಾಲಿ ಗುತ್ಯಪ್ಪ ಸೀಸನ್ನಿನಲ್ಲಿ ಅದಕ್ಕಿಂತ ಜಾಸ್ತಿ ಎಣಿಸುತ್ತಾನೆ. ಓದಿದ್ದು ಮೂರನೇ ಕ್ಲಾಸು. ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು. ಮಾತಾಡಿಕೊಂಡೇ ಈ ದಲಾಲಿ ಮಂಡಿ ಕಟ್ಟಿದವನು.
ಗಂಗಾಶ್ರೀಗೆ ಹೇಳಿದೆ: "ಇಲ್ಲೇ ಶಿಕಾರಿಪುರದಾಗೆ ಬಿಕಾಂ ಮಾಡವ್ವ. ಗದ್ದಿಗೆ ಮ್ಯಾಲೆ ಕುಂದ್ರು."
"ಕುಂತು ಕುಂತೇ ಅಲ್ವಾ ಅಪ್ಪಾಜಿ, ನಿಮ್ ಸೊಂಟ ಹಿಂಗಾಗಿದ್ದು?"
ಹದಿನೆಂಟು ವರ್ಷ. ಬಾಯಿ ನನ್ನದೇ.
ಸೀಟು ಸಿಕ್ಕಿದೆ. ಇಪ್ಪತ್ನಾಲ್ಕರೊಳಗೆ ಫೀ ಕಟ್ಟದಿದ್ದರೆ ಇನ್ನೊಬ್ಬರಿಗೆ.

11 ಸೆಪ್ಟೆಂಬರ್
ಬ್ಯಾಂಕಿಗೆ ಹೋದೆ. ಆರು ಲಕ್ಷ ಕೊಡುತ್ತಾರಂತೆ, ವರ್ಷಕ್ಕೆ ಒಂದೂವರೆ ಲಕ್ಷದ ಲೆಕ್ಕದಲ್ಲಿ. ಅಡಮಾನ ಬೇಡ, ಜೊತೆಗೆ ನನ್ನ ಸೈನು ಬೇಕು. ಉಳಿದ ಮೂರು ನನ್ನ ಕೈಯಿಂದ. ಮ್ಯಾನೇಜರು ಎಳೆ ಹುಡುಗ. "ಓದು ಮುಗಿದು ಒಂದು ವರ್ಷದವರೆಗೆ ಕಂತಿಗೆ ರಜೆ ಸಾರ್" ಎಂದ.
ಅಷ್ಟು ಸಾಕಾಯಿತು. ನಮ್ಮ ಮಂಡಿಯ ಪದ್ಧತಿಯೂ ಅದೇ ಅಲ್ಲವೇ? ಬಿತ್ತನೆಗೆ ರೈತರಿಗೆ ದುಡ್ಡು ಕೊಡುತ್ತೇವೆ. ಬೆಳೆ ನಮ್ಮ ತಕ್ಕಡಿಗೆ ಬರುವ ತನಕ ಬಡ್ಡಿಯ ಮಾತಿಲ್ಲ. ಬ್ಯಾಂಕಿನವರಿಗೂ ಕಡೆಗೆ ಬುದ್ಧಿ ಬಂತು ಅಂದುಕೊಂಡೆ. ಕಾಲು ಕೆಜಿ ಮೈಸೂರುಪಾಕು ತಂದೆ.
ಆದರೂ… ಮೂಟೆಯ ಬಾಯಿಯ ಕಾಳು ನೋಡಿ ರೇಟು ಹಾಕಬಾರದು. ನಡುವಿನಿಂದ ತೆಗೆದು ನೋಡಬೇಕು.

13 ಸೆಪ್ಟೆಂಬರ್, ಸಂಜೆ
ಸೊರಬಕ್ಕೆ ಹೋಗಿ ಬಂದೆ, ಶಿರಾಳಕೊಪ್ಪದ ಮೇಲೆ. ಅಲ್ಲೊಂದು ಕ್ಲಿನಿಕ್ಕಿನಲ್ಲಿ ಉಳವಿಯ ಹುಡುಗಿ, ಸ್ಪಂದನ. ಇದೇ ಕೋರ್ಸು ಓದಿದವಳು. ಸುಮ್ಮನೆ ಕೇಳಿದರೆ ಒಳಗಿನ ಕಾಳು ಯಾರು ತೋರಿಸುತ್ತಾರೆ? ಅದಕ್ಕೆ ಗುತ್ಯಪ್ಪನನ್ನು ರೋಗಿ ಮಾಡಿ ಕರೆದೊಯ್ದೆ. ಸುಳ್ಳು ರೋಗಿಯೇನಲ್ಲ.
"ಎಂತ ಆಗಿದೆ ಅಣ್ಣಾ?"
"ಬೆನ್ನು ತಾಯಿ. ಮೂಟಿ ಕೆಳಗಿಳಿತೈತಿ, ನಾ ಬಗ್ಗಿದ್ದು ಬಗ್ಗಿದಂಗೇ ಇರ್ತೀನಿ."
ಮಲಗಿಸಿದಳು, ಒತ್ತಿದಳು, ಕಾಲು ಎತ್ತಿಸಿದಳು. ಮೊಣಕಾಲು ಮಡಚಿ ಮೂಟೆ ಎತ್ತುವುದು ಹೇಗೆಂದು ತಾನೇ ಕೂತು ಎದ್ದು ತೋರಿಸಿದಳು. ಅಷ್ಟರಲ್ಲಿ ಮೇಜಿನ ಮೇಲಿನ ರಿಜಿಸ್ಟರು ತಿರುವಿದೆ. ದಿನಕ್ಕೆ ಹತ್ತೊಂಬತ್ತು ಹೆಸರು. ತಲೆಗೆ 350. ಅಂದರೆ 6,650.
"ನಿಂಗೆಷ್ಟಮ್ಮ?"
"ತಿಂಗಳಿಗೆ ಹದಿನೈದು ಸಾವಿರ ಅಂಕಲ್. ಟೇಬಲ್ಲು ಕ್ಲಿನಿಕ್ಕಿನವರದ್ದು, ನಂದು ಕೈ ಮಾತ್ರ. ಸಂಜೆ ಮನೆ ಮನೆಗೆ ಹೋಗ್ತೀನಿ, ಅದೊಂದು ಹತ್ತು ಸಾವಿರ."
"ಸಾಲಕ್ಕೆ ರಜೆ ಇತ್ತಲ್ಲ, ಭಾರ ಇರ್ಲಿಕ್ಕಿಲ್ಲ ಬಿಡು."
ನಕ್ಕಳು. "ಎಂತ ರಜೆ ಅಂಕಲ್! ರಜೆ ಕಂತಿಗೆ. ಬಡ್ಡಿ ಭಾನುವಾರನೂ ಕೆಲ್ಸಕ್ಕೆ ಬರ್ತದೆ. ನಾಲ್ಕು ಲಕ್ಷ ತಗೊಂಡಿದ್ದೆ. ಕಂತು ಶುರುವಾಗೋವಾಗ ಐದೂ ನಲವತ್ತಾಗಿತ್ತು."
ಮೂವತ್ತು ವರ್ಷ ದಲಾಲಿ ಮಾಡಿದವನು ಒಂದು ಪದಕ್ಕೆ ಬಿದ್ದೆ.
ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಹಾಕಿ ನೋಡಿದೆ. ನೂರಕ್ಕೆ ಹತ್ತರಂತೆ, ಬಡ್ಡಿಗೆ ಬಡ್ಡಿ ಸೇರಿ, ನಮ್ಮ ಆರು ಲಕ್ಷ ಆಗ 8,40,000 ಆಗಿರುತ್ತದೆ. ಹತ್ತು ವರ್ಷಕ್ಕೆ ಕಂತು 11,100. ಹದಿನೈದರಲ್ಲಿ ಕಳೆದರೆ ಮಗಳಿಗೆ ಉಳಿಯುವುದು 3,900.
ಗುತ್ಯಪ್ಪ: "ಸಾವ್ಕಾರ್ರೇ, ನನ್ ಬೆನ್ನು ಹಗುರಾತು. ನಿಮ್ ಮುಖ ಯಾಕ್ರೀ ಭಾರಾತು?"

14 ಸೆಪ್ಟೆಂಬರ್
ಸೊರಬದ ಕಥೆಯೆಲ್ಲ ಹೇಳಿ, ಆಗುವುದಿಲ್ಲ ಎಂದುಬಿಟ್ಟೆ. ಗಂಗಾ ಅಳಲಿಲ್ಲ. ಲೆಕ್ಕ ಹಾಕಿದ್ದ ಟಿಕೆಟ್ಟು ಇಸಿದುಕೊಂಡು ಒಳಗೆ ಹೋದಳು.

18 ಸೆಪ್ಟೆಂಬರ್, ಮಧ್ಯಾಹ್ನ
ಗಂಗಾ ಇವತ್ತು ನೇರ ಮಂಡಿಗೆ ಬಂದಳು. ರೈತರು ಕೂರುವ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಹಾಳೆ.
"ಬಡ್ಡೀನ ಬೆಳೆಯಾಕೆ ಬಿಡಬ್ಯಾಡ್ರಿ. ತಿಂಗಳು ತಿಂಗಳು ಕಟ್ಟಿಬಿಡಣ. ಮೊದಲ ವರ್ಷ 1,250. ಆಮೇಲೆ 2,500, 3,750, ಕಡೆಗೆ 5,000. ಅಸಲು ಆರೇ ಉಳಿತೈತಿ. ಕಂತು 7,930."
"ಕಟ್ಟೋರ್ಯಾರು?"
"ಅರ್ಧ ನೀವು. ಅರ್ಧ ನಾನು. ರಜಾದಾಗ ಬಂದು ನಿಮ್ ಲೆಕ್ಕ ಬರೀತೀನಿ. ಗುಮಾಸ್ತರಿಗೆ ಕೊಡೋ ಕೂಲಿ ನನಗೆ ಕೊಡ್ರಿ."
"ಕಂತು ಕಳೆದ್ರೂ ಉಳಿಯೋದು ಏಳು ಸಾವಿರ."
"ಎರಡು ವರ್ಷ ಸ್ಪಂದನಕ್ಕನಂಗೆ ಕೈ. ಸಂಜಿ ಮನಿ ಮನಿ ತಿರುಗ್ತೀನಿ. ಆಮ್ಯಾಲೆ ಇಲ್ಲೇ ನಂದೇ ಕ್ಲಿನಿಕ್ಕು, ಟೇಬಲ್ ನಂದು. ಈ ಮಾರ್ಕೆಟ್ಟಿನಾಗೆ ಹಮಾಲರು ಎಷ್ಟು ಮಂದಿ ಅದಾರೆ ಅಪ್ಪಾಜಿ?"
"ನೂರಾ ನಲವತ್ತು. ಅವರತ್ರ ಮುನ್ನೂರೈವತ್ತು ಎಲ್ಲಿಂದ ಬರ್ಬೇಕು?"
ಮೂಟೆಗೆ ಒರಗಿದ್ದ ಗುತ್ಯಪ್ಪ ಬಾಯಿ ಹಾಕಿದ: "ಹ್ವಾದ ವರ್ಷ ಸೂಜಿ, ಮುಲಾಮಿಗೇ ಹದಿನೆಂಟು ಸಾವಿರ ಹಾಕೀನ್ರಿ."
ಮನಸ್ಸಿನಲ್ಲೇ ಭಾಗಿಸಿದೆ: ಐವತ್ತೊಂದು ಸಲದ ಫೀ. ಮೂಟೆ ಹೊರುವವನು ದುಡಿಯುತ್ತಾನೆ. ಉಳಿಸುವವನು ತಕ್ಕಡಿ ಇಟ್ಟವನು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಗಳಿಗೂ ಬೇಕಿಲ್ಲ ಎಂದು ಇವತ್ತು ಗೊತ್ತಾಯಿತು.
"ಟೇಬಲ್ಲಿಗೆ ದುಡ್ಡು?"
"ಅದಕ್ಕೆ ಆವಾಗ ಬ್ಯಾರೆ ಜಗಳ ಮಾಡಣ್ರಿ."

19 ಸೆಪ್ಟೆಂಬರ್
ಸೈನು ಹಾಕಿದೆ. ಮ್ಯಾನೇಜರಿಗೆ ಹೇಳಿದೆ: "ರಜೆ ಅಂದ್ರೆ ಏನಂತ ಮೊದಲು ಬಿಡಿಸಿ ಹೇಳ್ರೀ. ನಮ್ ಕಡೆ ಆ ಪದಕ್ಕೆ ಬ್ಯಾರೆ ಅರ್ಥ ಐತಿ." ಪಾಪ, ಕೆಂಪಗಾದ.
ಲೆಡ್ಜರಿನಲ್ಲಿ ಗಂಗಾಶ್ರೀ ಹೆಸರಿಗೆ ಪುಟ ತೆಗೆದೆ. ಹೆಂಡತಿ ರಾಜೇಶ್ವರಿ ಕಾಫಿ ಇಟ್ಟು ಬಗ್ಗಿ ನೋಡಿದಳು.
"ಹೆತ್ತ ಮಗಳಿಗೂ ಖಾತೆ ತೆಗೆದ್ರಾ? ಇಪ್ಪತ್ತೆರಡು ವರ್ಷ ಬೇಸಿ ಹಾಕೀನಿ, ನನ್ ಪುಟ ಎಲ್ಲೈತ್ರಿ?"
ಕಾಫಿ ಬಿಸಿಯಿತ್ತು. ಅದನ್ನೇ ನೆಪ ಮಾಡಿಕೊಂಡೆ.

22 ನವೆಂಬರ್, ಬೆಳಗ್ಗೆ
ಎರಡು ತಿಂಗಳು ಬರೆಯಲಿಲ್ಲ. ಮೆಕ್ಕೆಜೋಳ ಅಂಗಳದ ತುಂಬ. ಗಂಗಾ ನಿನ್ನೆ ಬಂದಳು. ಹಾಸ್ಟೆಲ್ಲಿನ ಸಾರು ನೀರಂತೆ, ಎಲುಬುಗಳ ಹೆಸರು ಇನ್ನೂರಾ ಆರಂತೆ. ಬಂದವಳೇ ಗುಮಾಸ್ತರ ಜಾಗದಲ್ಲಿ ಕೂತಿದ್ದಾಳೆ.
ಇಲ್ಲಿಯ ತನಕ ಯಾರಿಗೆ ಏನು:
ಕಾಲೇಜಿಗೆ — ಮೊದಲ ವರ್ಷದ ಫೀ.
ಬ್ಯಾಂಕಿಗೆ — ಬಡ್ಡಿ 2,500, ಎರಡು ತಿಂಗಳದ್ದು. ದಿನ ತಪ್ಪಿಲ್ಲ.
ಸ್ಪಂದನಳಿಗೆ — ನಮ್ಮ ಮಾರ್ಕೆಟ್ಟಿನಿಂದ ಮತ್ತೆ ಮೂರು ಬೆನ್ನು.
ಗುತ್ಯಪ್ಪನಿಗೆ — ನೇರ ನಡಿಗೆ. ಕೂತು ಎದ್ದು ಮೂಟೆ ಎತ್ತುತ್ತಾನೆ. ಉಳಿದವರು ಹೊಸ ಸೊಸೆ ಎಂದು ಕರೆಯುತ್ತಾರೆ.
ರಾಜೇಶ್ವರಿಗೆ — ಪುಟ ಒಂದು. ಜಮಾ ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ.
ಗಂಗಾಶ್ರೀಗೆ — ಸೀಟು. ಅರ್ಧ ಬಡ್ಡಿ.
ನನಗೆ — ಸಾಲದ ಪತ್ರದಲ್ಲಿ ಎರಡನೇ ಸೈನು. ಇನ್ನೊಂದು… ತಡಿ, ಆಚೆಯಿಂದ ಗಂಗಾ ಕೂಗುತ್ತಿದ್ದಾಳೆ. ಹಿಂಗೆ ಬಗ್ಗಿ ಬರೆಯಬಾರದಂತೆ. ಎದ್ದು ಗೋಡೆಗೆ ಬೆನ್ನು ಕೊಟ್ಟು, ಹೆಗಲು ಹಿಂದಕ್ಕೆ ಎಳೆದು—